ಪ್ಯಾನೆಲ್‌ನಲ್ಲಿ 24 ವೋಲ್ಟ್ ಇದೆ, ಸೆನ್ಸರ್‌ಗೆ ತಲುಪಿಲ್ಲ

ಕನ್ವೇಯರ್ ನಿಂತಿದೆ. ಯಂತ್ರ ನಡೆಸುವ ನಿಯಂತ್ರಕ ಕಂಪ್ಯೂಟರಾದ ಪಿಎಲ್‌ಸಿಯ ಇನ್‌ಪುಟ್‌ನ ದೀಪ ಹತ್ತುತ್ತಿಲ್ಲ. ಶಿಫ್ಟ್‌ನಲ್ಲಿದ್ದವರು ಪ್ರಾಕ್ಸಿಮಿಟಿ ಸೆನ್ಸರ್ (ಲೋಹ ಹತ್ತಿರ ಬಂದರೆ ಗುರುತಿಸುವುದು) ಬಿಚ್ಚಿ ಹೊಸದು ಹಾಕುತ್ತಾರೆ. ಒಂದು ಗಂಟೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಎರಡನೆಯದೂ ‘ಹೋಯ್ತು’ ಎಂದು ಸ್ಕ್ರ್ಯಾಪ್ ಡಬ್ಬಿಗೆ ಬೀಳುತ್ತದೆ. ಆ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಒಂದೊಂದಕ್ಕೂ 24 ವೋಲ್ಟ್ ಕೊಟ್ಟು ನೋಡಿದರೆ ಅದರಲ್ಲಿ ಎಷ್ಟೋ ಸೆನ್ಸರ್‌ಗಳು ಗಟ್ಟಿಮುಟ್ಟಾಗಿಯೇ ಇರುತ್ತವೆ.

ಪವರ್ ಸಪ್ಲೈ ದೋಷದ ಗುಣವೇ ಹಾಗೆ, ಅದು ಯಾವಾಗಲೂ ಬೇರೆಯವರ ವೇಷದಲ್ಲಿ ಬರುತ್ತದೆ. ಟ್ಯಾಂಕಿನ ಮಟ್ಟ ಅಳೆದು ಕಳಿಸುವ ಲೆವೆಲ್ ಟ್ರಾನ್ಸ್‌ಮಿಟರ್ ತಪ್ಪು ಓದುತ್ತದೆ, ಫೋಟೋ ಸೆನ್ಸರ್ ಸುಮ್ಮನೆ ಮಿಟುಕುತ್ತದೆ, ಸೋಲೆನಾಯ್ಡ್ ವಾಲ್ವ್ (ವಿದ್ಯುತ್ ಕಾಯಿಲ್‌ನಿಂದ ತೆರೆಯುವ ವಾಲ್ವ್) ಅರ್ಧ ಎಳೆದು ಬಿಡುತ್ತದೆ. ಎಲ್ಲರೂ ಆಯಾ ಉಪಕರಣವನ್ನೇ ಬೈಯುತ್ತಾರೆ. ಯಾರಾದರೂ ‘ಸಪ್ಲೈ ನೋಡಿದ್ರಾ?’ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ನೋಡಿದ್ವಿ ಸಾರ್, 24 ಇದೆ.’ ಎಲ್ಲಿ ನೋಡಿದಿರಿ, ಲೋಡ್ ಇದ್ದಾಗ ನೋಡಿದಿರೋ ಇಲ್ಲದಾಗಲೋ ಎಂಬ ಎರಡು ಪ್ರಶ್ನೆ ಕೇಳುವವರೆಗೆ ಆ 24ಕ್ಕೆ ಅರ್ಥವಿಲ್ಲ.

ಮೀಟರ್ ಹಿಡಿಯಬೇಕಾದ ಜಾಗ

ಎಸ್‌ಎಂಪಿಎಸ್ (230 ವೋಲ್ಟ್ ಎಸಿಯನ್ನು 24 ವೋಲ್ಟ್ ಡಿಸಿ ಮಾಡುವ ಪವರ್ ಸಪ್ಲೈ) ಟರ್ಮಿನಲ್‌ನಲ್ಲಿ ಸಿಗುವ ವೋಲ್ಟೇಜ್ ಕಾಲುವೆಯ ತಲೆಯಲ್ಲಿರುವ ನೀರಿದ್ದಂತೆ; ಕೊನೆಯ ಗದ್ದೆಗೆ ಎಷ್ಟು ಹರಿಯಿತು ಎಂಬುದನ್ನು ಅಲ್ಲಿಗೇ ಹೋಗಿ ನೋಡಬೇಕು. ಸೆನ್ಸರ್‌ನ ಕನೆಕ್ಟರ್‌ನಲ್ಲಿ ಅಥವಾ ಅದಕ್ಕೆ ಹತ್ತಿರದ ಜಂಕ್ಷನ್ ಬಾಕ್ಸ್‌ನಲ್ಲಿ, ಸೆನ್ಸರ್ ಜೋಡಿಸಿಕೊಂಡೇ ಇರುವಾಗ ಅಳೆಯಿರಿ. ಸೆನ್ಸರ್‌ಗಳಲ್ಲಿ ಬಳಸುವ ದುಂಡನೆಯ ಎಂ12 ಕನೆಕ್ಟರ್ ಆದರೆ 1ನೇ ಪಿನ್ ಕಂದು, ಅದು ಪ್ಲಸ್. 3ನೇ ಪಿನ್ ನೀಲಿ, ಅದು ಮೈನಸ್. 4ನೇ ಪಿನ್ ಕಪ್ಪು, ಔಟ್‌ಪುಟ್. 2ನೆಯದು ಬಿಳಿ, ಎರಡನೇ ಔಟ್‌ಪುಟ್ ಇದ್ದರೆ ಮಾತ್ರ ಬಳಕೆ. ನಮ್ಮಲ್ಲಿ ಒಂದು ತೊಂದರೆ ಪದೇ ಪದೇ ಕಾಣುತ್ತದೆ. ಬ್ಯಾಟರಿ ವೈರಿಂಗ್ ಮಾಡಿ ರೂಢಿಯಿರುವವರ ಕೈಗೆ ಕಪ್ಪು ಎಂದರೆ ಮೈನಸ್. ಅವರು ಸೆನ್ಸರ್‌ನ ಕಪ್ಪು ತಂತಿಯನ್ನೂ 0 ವೋಲ್ಟ್‌ಗೆ ಕಟ್ಟಿಬಿಡುತ್ತಾರೆ. ಪಿಎನ್‌ಪಿ ಸೆನ್ಸರ್ (ಔಟ್‌ಪುಟ್‌ನಲ್ಲಿ ಪ್ಲಸ್ ಕೊಡುವುದು) ಆದರೆ ಅದು ನೇರ ಔಟ್‌ಪುಟ್ ಶಾರ್ಟ್. ಒಳಗೆ ಶಾರ್ಟ್ ರಕ್ಷಣೆ ಇದ್ದರೆ ಬದುಕುತ್ತದೆ, ಇಲ್ಲದಿದ್ದರೆ ಲೋಹ ಎದುರಿಗೆ ಬಂದ ಮೊದಲ ಸಲವೇ ಹೋಗುತ್ತದೆ.

ಇನ್ನು ಮೀಟರ್ ಹೇಳುವ ಸುಳ್ಳು. ಡಿಜಿಟಲ್ ಮಲ್ಟಿಮೀಟರ್‌ನ ಒಳತಡೆ ಸಾಮಾನ್ಯವಾಗಿ 10 ಮೆಗಾಓಮ್. ಅಂದರೆ ಅದು ಎಳೆಯುವ ಕರೆಂಟು ಎರಡು ಮೈಕ್ರೋಆಂಪ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೇಬಲ್‌ನ ಎಲ್ಲ ಎಳೆಗಳೂ ತುಂಡಾಗಿ ಒಂದೇ ಒಂದು ಎಳೆ ಉಳಿದಿದ್ದರೂ, ಟರ್ಮಿನಲ್‌ನಲ್ಲಿ ಹಸಿರು ಕಿಲುಬು ಕಟ್ಟಿ ಸಾವಿರಾರು ಓಮ್ ತಡೆ ಬಂದಿದ್ದರೂ, ಸೆನ್ಸರ್ ಬಿಚ್ಚಿ ಅಳೆದರೆ ಮೀಟರ್ 24 ಎಂದೇ ತೋರಿಸುತ್ತದೆ. ದೀಪವಿರುವ ಫ್ಯೂಸ್ ಟರ್ಮಿನಲ್‌ಗಳದ್ದು ಇನ್ನೂ ತಮಾಷೆ. ಫ್ಯೂಸ್ ಹೋದಾಗ ಹತ್ತುವ ಆ ಪುಟ್ಟ ಎಲ್‌ಇಡಿಯ ಮೂಲಕವೇ ವೋಲ್ಟೇಜ್ ಸೋರಿ ಆಚೆ ಬದಿಗೆ ಬರುತ್ತದೆ. ಫ್ಯೂಸ್ ಸುಟ್ಟಿದೆ, ಮೀಟರ್ ಇಪ್ಪತ್ತಕ್ಕೂ ಹೆಚ್ಚು ವೋಲ್ಟ್ ತೋರಿಸುತ್ತಿದೆ, ನೋಡುವವರು ‘ಫ್ಯೂಸ್ ಸರಿ ಇದೆ’ ಎಂದು ಮುಂದೆ ಹೋಗುತ್ತಾರೆ.

ಇದಕ್ಕೆ ಅಗ್ಗದ ಮದ್ದು ಲಾರಿ ಬಲ್ಬ್. ಲಾರಿಗಳ ಬ್ಯಾಟರಿ 24 ವೋಲ್ಟ್ ಆದ್ದರಿಂದ ಆಟೋಮೊಬೈಲ್ ಅಂಗಡಿಯಲ್ಲಿ 24 ವೋಲ್ಟ್ 5 ವ್ಯಾಟ್‌ನ ಪಾರ್ಕಿಂಗ್ ಬಲ್ಬ್ ಹೋಲ್ಡರ್ ಸಮೇತ ಸಿಗುತ್ತದೆ. ಎರಡು ತಂತಿ ಬೆಸೆದು ಪ್ರೋಬ್ ಹಾಕಿಕೊಳ್ಳಿ. ಅದು ಸುಮಾರು 0.2 ಆಂಪ್ ಎಳೆಯುತ್ತದೆ. ಅನುಮಾನವಿರುವ ಎರಡು ಬಿಂದುಗಳ ನಡುವೆ ಬಲ್ಬ್ ಹಿಡಿದು, ಅದರ ಜೊತೆಗೇ ಮೀಟರ್ ಹಿಡಿಯಿರಿ. ಲೈನ್ ಸರಿಯಿದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಮೀಟರ್ ಒಂದೆರಡು ವೋಲ್ಟ್ ಮಾತ್ರ ಇಳಿಯುತ್ತದೆ. ಸುಳ್ಳು 24 ಆಗಿದ್ದರೆ ಬಲ್ಬ್ ಕೆಂಪಾಗುವುದೂ ಇಲ್ಲ, ಮೀಟರ್ ಸೊನ್ನೆಗೆ ಕುಸಿಯುತ್ತದೆ. 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಬೇಡ. ತಣ್ಣಗಿದ್ದಾಗ ಅದರ ಫಿಲಮೆಂಟ್ ಹಲವು ಪಟ್ಟು ಕರೆಂಟು ಎಳೆದು ಎಲೆಕ್ಟ್ರಾನಿಕ್ ಬ್ರೇಕರ್‌ಗಳನ್ನು ಟ್ರಿಪ್ ಮಾಡಿಸುತ್ತದೆ. ಡಿಸ್ಟಿಲರಿ, ಪೇಂಟ್ ಶಾಪ್ ಥರದ ಸ್ಫೋಟಕ ವಲಯಗಳಲ್ಲಿ ಈ ಪ್ರಯೋಗವನ್ನು ಮಾಡಲೇಬೇಡಿ. ಅಲ್ಲಿ ಪರ್ಮಿಟ್, ಗ್ಯಾಸ್ ಪರೀಕ್ಷೆ ಮತ್ತು ಆ ವಲಯಕ್ಕೆ ಪ್ರಮಾಣಿತವಾದ ಉಪಕರಣ ಇಲ್ಲದೆ ಡಬ್ಬಿಯ ಮುಚ್ಚಳವನ್ನೂ ತೆರೆಯುವಂತಿಲ್ಲ.

ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕಲು ಫ್ಯೂಸ್‌ನ ಎರಡು ತುದಿ, ಟರ್ಮಿನಲ್‌ನ ಎರಡು ಬದಿ, ಕನೆಕ್ಟರ್‌ನ ಎರಡು ಕಡೆ ಮೀಟರ್ ಹಿಡಿದು, ಲೋಡ್ ಇರುವಾಗಲೇ ಮಿಲಿವೋಲ್ಟ್‌ನಲ್ಲಿ ಓದಿ. ಬಿಗಿಯಾದ ಟರ್ಮಿನಲ್‌ನಲ್ಲಿ ಕೆಲವೇ ಮಿಲಿವೋಲ್ಟ್ ಇರುತ್ತದೆ. ಒಂದು ಆಂಪ್‌ಗಿಂತ ಕಡಿಮೆ ಹರಿಯುವಾಗಲೂ 100 ಮಿಲಿವೋಲ್ಟ್ ದಾಟಿದರೆ ಆ ಸ್ಕ್ರೂ ಸಡಿಲ, ಇಲ್ಲವೇ ಫೆರೂಲ್ (ತಂತಿ ತುದಿಗೆ ಒತ್ತುವ ಲೋಹದ ಕೊಳವೆ) ಸರಿಯಾಗಿ ಒತ್ತಿಲ್ಲ, ಇಲ್ಲವೇ ತಂತಿಯ ಬದಲು ಇನ್ಸುಲೇಷನ್ ಕಚ್ಚಿಕೊಂಡಿದೆ. ಕಡಿಮೆ ಆಂಪ್‌ನ ಗ್ಲಾಸ್ ಫ್ಯೂಸ್‌ಗಳಿಗೆ ಮಾತ್ರ ರಿಯಾಯಿತಿ ಕೊಡಿ, ಅವುಗಳ ಸಹಜ ಡ್ರಾಪ್, ಅಂದರೆ ಅವುಗಳಲ್ಲೇ ಕಳೆದುಹೋಗುವ ವೋಲ್ಟೇಜ್, ಹೆಚ್ಚು. ಮುಖ್ಯವಾಗಿ, ಈ ಹುಡುಕಾಟ ಮೈನಸ್ ಬದಿಯಲ್ಲೂ ನಡೆಯಬೇಕು. ಪ್ಲಸ್‌ಗೆ ಫ್ಯೂಸ್ ಇದೆ, ಬ್ರೇಕರ್ ಇದೆ, ಹಾಗಾಗಿ ಎಲ್ಲರ ಕಣ್ಣು ಅಲ್ಲೇ. 0 ವೋಲ್ಟ್ ಬಸ್‌ಬಾರ್‌ನ ಒಂದು ಸಡಿಲ ಸ್ಕ್ರೂ ಇಡೀ ಸಾಲಿನ ಸೆನ್ಸರ್‌ಗಳನ್ನು ಕುಣಿಸುತ್ತಿರುತ್ತದೆ.

ಉದ್ದ ಕೇಬಲ್‌ನ ಲೆಕ್ಕ

0.5 ಚದರ ಮಿಲಿಮೀಟರ್‌ನ ತಾಮ್ರದ ಫ್ಲೆಕ್ಸಿಬಲ್ ತಂತಿಗೆ ಕಿಲೋಮೀಟರ್‌ಗೆ 39 ಓಮ್ ತಡೆ. 1.5ಕ್ಕೆ 13.3, 2.5ಕ್ಕೆ ಸುಮಾರು 8. ಇವು 20 ಡಿಗ್ರಿ ಸೆಲ್ಸಿಯಸ್‌ನ ಅಂಕಿಗಳು. ಬಿಸಿಲಲ್ಲಿ ಟ್ರೇ ಕಾದರೆ ಪ್ರತಿ ಡಿಗ್ರಿಗೂ ಸುಮಾರು ಶೇ. 0.4 ಏರುತ್ತದೆ.

ಪ್ಯಾನೆಲ್‌ನಿಂದ 120 ಮೀಟರ್ ದೂರದಲ್ಲಿ ಒಂದು ಜಂಕ್ಷನ್ ಬಾಕ್ಸ್ ಇದೆ ಎನ್ನಿ. ಹನ್ನೆರಡು ಫೋಟೋ ಸೆನ್ಸರ್, ಒಂದೊಂದು 30 ಮಿಲಿಆಂಪ್, ಒಟ್ಟು 0.36 ಆಂಪ್. ಅದೇ ಜೋಡಿ ತಂತಿಯಲ್ಲಿ 5 ವ್ಯಾಟ್‌ನ ಮೂರು ಸೋಲೆನಾಯ್ಡ್ ವಾಲ್ವ್. ಕೇಬಲ್ 0.5 ಚದರ ಮಿಮೀ. ಕರೆಂಟು ಹೋಗಿ ವಾಪಸ್ ಬರಬೇಕಾದ್ದರಿಂದ ದಾರಿ 240 ಮೀಟರ್, ತಡೆ 9.4 ಓಮ್. ವಾಲ್ವ್‌ಗಳು ಆಫ್ ಇದ್ದಾಗ 3.4 ವೋಲ್ಟ್ ದಾರಿಯಲ್ಲೇ ಖರ್ಚಾಗಿ ಬಾಕ್ಸ್‌ಗೆ 20.6 ಸಿಗುತ್ತದೆ. ಮೂರೂ ವಾಲ್ವ್ ಆನ್ ಆದ ಕ್ಷಣ ಅದು ಸುಮಾರು 16.5ಕ್ಕೆ ಇಳಿಯುತ್ತದೆ. ಸೆನ್ಸರ್‌ಗಳ ವ್ಯಾಪ್ತಿ 10ರಿಂದ 30 ವೋಲ್ಟ್, ಅವಕ್ಕೆ ನೋವಿಲ್ಲ. ವಾಲ್ವ್ ಕಾಯಿಲ್‌ಗೆ ಮಾತ್ರ ಶೇ. 10ರಷ್ಟು ಇಳಿತದವರೆಗೆ, ಅಂದರೆ 21.6ರವರೆಗೆ ಖಾತ್ರಿ. ಹಾಗಾಗಿ ಮೊದಲನೇ ವಾಲ್ವ್ ಎಳೆಯುತ್ತದೆ, ಎರಡನೆಯದು ತಡವರಿಸುತ್ತದೆ, ಮೂರನೆಯದು ‘ಜಾಮ್ ಆಗಿದೆ’ ಎಂದು ಬಿಚ್ಚಿ ತೊಳೆಯುವವರ ಪಾಲಾಗುತ್ತದೆ. ಇದೇ ಲೆಕ್ಕವನ್ನು 1.5ರ ಕೇಬಲ್‌ಗೆ ಮಾಡಿದರೆ 21.1 ಬರುತ್ತದೆ, ಇನ್ನೂ ಸಾಲದು. 2.5ಕ್ಕೆ ಹೋದರೆ 22.2, ನೆಮ್ಮದಿ.

ಕೇಬಲ್ ಬದಲಿಸುವುದು ದುಬಾರಿ ಎಂದು ಹಲವರು ಹಿಡಿಯುವ ಅಡ್ಡದಾರಿ ಎಸ್‌ಎಂಪಿಎಸ್ ಮುಂದಿರುವ ಚಿಕ್ಕ ತಿರುಗುಣಿಯನ್ನು 28ರವರೆಗೆ ತಿರುಗಿಸುವುದು. ದೂರದವರಿಗೆ ಸರಿಹೋಯಿತು ನಿಜ, ಆದರೆ ಪ್ಯಾನೆಲ್ ಪಕ್ಕದಲ್ಲೇ ಇರುವ, 30 ವೋಲ್ಟ್ ಗರಿಷ್ಠ ಎಂದು ಬರೆದುಕೊಂಡಿರುವ ಸೆನ್ಸರ್‌ಗಳಿಗೆ ಈಗ ಎರಡೇ ವೋಲ್ಟ್ ಅಂಚು ಉಳಿದಿದೆ, ರಿಲೇ ಕಾಯಿಲ್‌ಗಳೂ ಹೆಚ್ಚು ಬಿಸಿಯಾಗುತ್ತವೆ. 24.5, ಹೆಚ್ಚೆಂದರೆ 25ರವರೆಗೆ ಏರಿಸುವುದನ್ನು ಒಪ್ಪಬಹುದು. ಅದಕ್ಕೂ ಹೆಚ್ಚು ಬೇಕಾದರೆ ದೂರದ ಬಾಕ್ಸ್ ಬಳಿ 230 ವೋಲ್ಟ್ ಒಯ್ದು ಅಲ್ಲೇ ಇನ್ನೊಂದು ಚಿಕ್ಕ ಸಪ್ಲೈ ಇಡುವುದು ಲೇಸು.

84ಕ್ಕೆ ನಿಂತ ಟ್ಯಾಂಕ್

ಎರಡು ತಂತಿಯ 4–20 ಮಿಲಿಆಂಪ್ ಟ್ರಾನ್ಸ್‌ಮಿಟರ್‌ಗಳಲ್ಲಿ ಸಪ್ಲೈ ಕೊರತೆ ಇನ್ನೂ ಜಾಣತನದಿಂದ ಅಡಗಿಕೊಳ್ಳುತ್ತದೆ. ಅಲ್ಲಿ ವಿದ್ಯುತ್ತೂ ಸಂಕೇತವೂ ಒಂದೇ ಜೋಡಿ ತಂತಿಯಲ್ಲಿ ಹರಿಯುತ್ತವೆ. ಟ್ಯಾಂಕ್ ಖಾಲಿಯಿದ್ದಾಗ 4 ಮಿಲಿಆಂಪ್, ತುಂಬಿದಾಗ 20. ಕರೆಂಟು ಹೆಚ್ಚಿದಷ್ಟೂ ದಾರಿಯ ಡ್ರಾಪ್ ಹೆಚ್ಚಿ ಟ್ರಾನ್ಸ್‌ಮಿಟರ್‌ಗೆ ಉಳಿಯುವ ವೋಲ್ಟೇಜ್ ಕಡಿಮೆಯಾಗುತ್ತದೆ. ಅಂದರೆ ದೋಷ ಕಾಣಿಸುವುದು ಟ್ಯಾಂಕ್ ತುಂಬುವ ಹೊತ್ತಿಗೆ, ಯಾವಾಗ ಅದು ಕೈಕೊಡಬಾರದೋ ಆಗಲೇ.

ಪಿಎಲ್‌ಸಿ ಇನ್‌ಪುಟ್ 250 ಓಮ್, ಜೀನರ್ ಬ್ಯಾರಿಯರ್ (ಸ್ಫೋಟಕ ವಲಯಕ್ಕೆ ಹೋಗುವ ವಿದ್ಯುತ್ತನ್ನು ಮಿತಿಗೊಳಿಸುವ ಸಾಧನ) 300 ಓಮ್, ಕೇಬಲ್ 20 ಓಮ್, ಒಟ್ಟು 570. ಟ್ರಾನ್ಸ್‌ಮಿಟರ್‌ಗೆ ಕನಿಷ್ಠ 12 ವೋಲ್ಟ್ ಬೇಕು. ಸಪ್ಲೈ 24 ಇದ್ದರೆ 20 ಮಿಲಿಆಂಪ್‌ನಲ್ಲಿ 11.4 ವೋಲ್ಟ್ ಡ್ರಾಪ್ ಆಗಿ 12.6 ಉಳಿಯುತ್ತದೆ, ಅಂತೂ ದಾಟಿತು. ಹಳೆಯ ಸಪ್ಲೈ ದಣಿದೋ, ಎರಡು ಸಪ್ಲೈಗಳನ್ನು ಜೋಡಿಸುವ ರಿಡಂಡೆನ್ಸಿ ಡಯೋಡ್ ನುಂಗಿಯೋ ಅದು 22ಕ್ಕೆ ಇಳಿದಿದೆ ಎನ್ನಿ. ಈಗ ಟ್ರಾನ್ಸ್‌ಮಿಟರ್‌ಗೆ 12 ವೋಲ್ಟ್ ಉಳಿಯಬೇಕಾದರೆ ಲೂಪ್‌ನಲ್ಲಿ 10 ವೋಲ್ಟ್ ಮಾತ್ರ ಖರ್ಚಾಗಬಹುದು. 10 ಭಾಗಿಸು 570, ಸುಮಾರು 17.5 ಮಿಲಿಆಂಪ್. ಪರದೆಯ ಮೇಲೆ ಮಟ್ಟ ಸರಿಯಾಗಿಯೇ ಏರುತ್ತಾ ಬಂದು ಶೇ. 84ರ ಹತ್ತಿರ ನಿಂತುಬಿಡುತ್ತದೆ. ನೀರು ಮಾತ್ರ ಏರುತ್ತಲೇ ಇರುತ್ತದೆ. ಕೆಲವು ಮಾದರಿಗಳು ಹೀಗೆ ನಿಲ್ಲದೆ ರೀಸೆಟ್ ಆಗಿ ಮತ್ತೆ ಶುರುವಾಗಿ ಪರದೆಯಲ್ಲಿ ಗರಗಸದ ಹಲ್ಲು ಬರೆಯುತ್ತವೆ. ಇನ್ನೂ ಕೆಟ್ಟ ಸಂಗತಿ, ಟ್ರಾನ್ಸ್‌ಮಿಟರ್ ತಾನು ಕೆಟ್ಟಿದ್ದೇನೆ ಎಂದು ಹೇಳಲು 21 ಮಿಲಿಆಂಪ್ ಅಥವಾ ಅದಕ್ಕಿಂತ ಹೆಚ್ಚು ಕಳಿಸುವಂತೆ ಹೊಂದಿಸಿದ್ದರೆ, ಆ ಕೂಗೂ ಈ ಲೂಪ್‌ನಲ್ಲಿ ಹೊರಬರಲಾರದು.

ಪರೀಕ್ಷೆ ಸುಲಭ. ಟ್ರಾನ್ಸ್‌ಮಿಟರ್‌ಗೆ ಆದೇಶ ಕೊಡುವ ಹ್ಯಾಂಡ್‌ಹೆಲ್ಡ್ ಕಮ್ಯುನಿಕೇಟರ್‌ನಿಂದ ಲೂಪ್ ಟೆಸ್ಟ್ ಹಾಕಿ, ಬಲವಂತವಾಗಿ 20 ಮಿಲಿಆಂಪ್ ಕಳಿಸಿ, ಟ್ರಾನ್ಸ್‌ಮಿಟರ್‌ನ ಟರ್ಮಿನಲ್‌ನಲ್ಲೇ ವೋಲ್ಟ್ ಓದಿ. 4 ಮಿಲಿಆಂಪ್‌ನಲ್ಲಿ ಓದಿ ‘21 ವೋಲ್ಟ್ ಇದೆ, ಸಾಕು’ ಎಂದು ಬರಬೇಡಿ. ಪರೀಕ್ಷೆಗೆ ಮೊದಲು ಆ ಲೂಪ್‌ಗೆ ಕಟ್ಟಿರುವ ಇಂಟರ್‌ಲಾಕ್‌ಗಳನ್ನು (ಓದು ನೋಡಿ ಯಂತ್ರ ನಿಲ್ಲಿಸುವ ಏರ್ಪಾಡು) ಮ್ಯಾನ್ಯುಯಲ್‌ಗೆ ಹಾಕಿಸಿಕೊಳ್ಳಿ, ಇಲ್ಲವಾದರೆ ಪಂಪ್ ಟ್ರಿಪ್ ಆಗಿ ಕಂಟ್ರೋಲ್ ರೂಮ್‌ನಿಂದ ಮಂಗಳಾರತಿ ಖಚಿತ.

ಒಂದು ಶಾರ್ಟ್‌ಗೆ ಇಡೀ ಸಾಲು ಕತ್ತಲು

ಒಂದು ಸೆನ್ಸರ್ ಕೇಬಲ್ ಜಜ್ಜಿ ಶಾರ್ಟ್ ಆದರೆ ಆ ಸಾಲಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಬ್ರೇಕರ್) ಬೀಳಬೇಕು, ಉಳಿದವು ನಡೆಯುತ್ತಿರಬೇಕು ಎಂದುಕೊಳ್ಳುತ್ತೇವೆ. 24 ವೋಲ್ಟ್ ಡಿಸಿಯಲ್ಲಿ ಹಾಗೆ ಆಗುವುದು ಅಪರೂಪ. ಸಿ ಕರ್ವ್ ಎಂಬ ವರ್ಗದ 4 ಆಂಪ್ ಎಂಸಿಬಿ ತಕ್ಷಣ ಬೀಳಬೇಕಾದರೆ ಎಸಿಯಲ್ಲಿ 20ರಿಂದ 40 ಆಂಪ್ ಬೇಕು, ಡಿಸಿಯಲ್ಲಿ ಅದರ ಒಂದೂವರೆ ಪಟ್ಟಿನವರೆಗೂ ಬೇಕಾಗಬಹುದು, ಅಂದರೆ 60. ಅದನ್ನು ಕೊಡಬೇಕಾದ 10 ಆಂಪ್‌ನ ಎಸ್‌ಎಂಪಿಎಸ್ ಹೆಚ್ಚೆಂದರೆ 15 ಆಂಪ್‌ನಷ್ಟು ಕೊಟ್ಟು ತನ್ನ ವೋಲ್ಟೇಜನ್ನೇ ಇಳಿಸಿಕೊಳ್ಳುತ್ತದೆ. ಎಂಸಿಬಿ ಮೇಲೆಯೇ ಇರುತ್ತದೆ, ಪಿಎಲ್‌ಸಿಯಿಂದ ಹಿಡಿದು ಎಲ್ಲವೂ ಆರುತ್ತದೆ.

ಉದ್ದ ಕೇಬಲ್ ಆದರೆ ವಿಚಿತ್ರ ಇನ್ನೂ ಹೆಚ್ಚು. ಮೇಲಿನ 120 ಮೀಟರ್ ಕೇಬಲ್‌ನ ತುದಿಯಲ್ಲಿ ಪೂರ್ತಿ ಶಾರ್ಟ್ ಆಗಿದೆ ಎನ್ನಿ. 24 ಭಾಗಿಸು 9.4, ಹರಿಯುವುದು ಎರಡೂವರೆ ಆಂಪ್ ಮಾತ್ರ. 4 ಆಂಪ್‌ನ ಎಂಸಿಬಿಗೆ ಅದು ಮಾಮೂಲಿ ಲೋಡ್. ಎಷ್ಟು ದಿನ ಬಿಟ್ಟರೂ ಬೀಳುವುದಿಲ್ಲ. ಕೇಬಲ್ 60 ವ್ಯಾಟ್ ಶಾಖವನ್ನು ತನ್ನ ಉದ್ದಕ್ಕೂ ಹಂಚಿಕೊಂಡು ಸುಮ್ಮನಿರುತ್ತದೆ. ಸಪ್ಲೈ 5 ಆಂಪ್‌ನದಾಗಿದ್ದು ಅದರ ಮೇಲೆ ಈಗಾಗಲೇ 3 ಆಂಪ್ ಇದ್ದರೆ ಒಟ್ಟು ಐದೂವರೆ ಆಗಿ ಸಪ್ಲೈ ಓವರ್‌ಲೋಡ್‌ನ ಅಂಚಿನಲ್ಲಿ ಓಲಾಡುತ್ತದೆ. ಕೆಲವೊಮ್ಮೆ ಎಲ್ಲ ಸರಿ, ಒಂದು ವಾಲ್ವ್ ಆನ್ ಆದಾಗ ಎಲ್ಲ ಢಮಾರ್.

ಹಾಗಾಗಿ ಪ್ರತಿ ಸೆನ್ಸರ್ ಗುಂಪಿಗೆ 0.5 ಅಥವಾ 1 ಆಂಪ್‌ನ ಗ್ಲಾಸ್ ಫ್ಯೂಸ್ ಹಾಕುವ ಹಳೇ ಪದ್ಧತಿಯೇ ಎಂಸಿಬಿಗಿಂತ ಮೇಲು. ದುಡ್ಡಿದ್ದರೆ ಚಾನೆಲ್‌ಗೆ ಇಷ್ಟೇ ಆಂಪ್ ಎಂದು ಹೊಂದಿಸಬಲ್ಲ ಎಲೆಕ್ಟ್ರಾನಿಕ್ ಬ್ರೇಕರ್ ಹಾಕಿ, ಅದು ಎಸ್‌ಎಂಪಿಎಸ್ ಕುಸಿಯುವ ಮೊದಲೇ ಆ ಸಾಲನ್ನು ಕತ್ತರಿಸುತ್ತದೆ. ಈಗಾಗಲೇ ಕುಸಿದು ಕೂತಿರುವ ಪ್ಯಾನೆಲ್‌ನಲ್ಲಿ ಶಾರ್ಟ್ ಹುಡುಕುವ ವಿಧಾನ: ಎಲ್ಲ ಫ್ಯೂಸ್ ತೆಗೆದು, ಸಪ್ಲೈ ತಾನೊಂದೇ ಇರುವಾಗ 24 ಕೊಡುತ್ತಿದೆಯೇ ನೋಡಿ, ಒಂದೊಂದೇ ಫ್ಯೂಸ್ ಹಾಕುತ್ತಾ ಹೋಗಿ. ಪ್ರತಿ ಸಾಲಿನ ಕರೆಂಟನ್ನು ಡಿಸಿ ಕ್ಲ್ಯಾಂಪ್ ಮೀಟರ್‌ನಿಂದ ಓದಿ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಸಾಮಾನ್ಯ ಕ್ಲ್ಯಾಂಪ್ ಮೀಟರ್ ಎಸಿ ಮಾತ್ರ ಓದುತ್ತದೆ ಎಂಬುದು ನೆನಪಿರಲಿ, ಡಿಸಿಗೆ ಹಾಲ್ ಸೆನ್ಸರ್ (ಕಾಂತಕ್ಷೇತ್ರ ಅಳೆಯುವ ಸೆನ್ಸರ್) ಇರುವುದೇ ಬೇಕು.

ಡಬ್ಬಿಯ ಒಳಗೆ

ಎಸ್‌ಎಂಪಿಎಸ್‌ನಿಂದ ‘ಟಿಕ್… ಟಿಕ್… ಟಿಕ್’ ಸದ್ದು, ಅದರ ತಾಳಕ್ಕೆ ಸರಿಯಾಗಿ ಹಸಿರು ದೀಪದ ಮಿಟುಕು. ಇದು ಎರಡು ಕಾರಣಕ್ಕೆ ಬರುತ್ತದೆ. ಹೊರಗೆ ಶಾರ್ಟ್ ಇದ್ದರೆ ಸಪ್ಲೈ ಪ್ರಯತ್ನಿಸಿ, ಸೋತು, ಮತ್ತೆ ಪ್ರಯತ್ನಿಸುತ್ತಿರುತ್ತದೆ. ಔಟ್‌ಪುಟ್ ತಂತಿಗಳನ್ನೆಲ್ಲ ಬಿಚ್ಚಿ. ಟಿಕ್ ನಿಂತು 24 ಬಂದರೆ ತಪ್ಪು ಹೊರಗಿದೆ. ಬಿಚ್ಚಿದ ಮೇಲೂ ಟಿಕ್ ಮುಂದುವರಿದರೆ ರೋಗ ಒಳಗೆ.

ಒಳಗಿನ ರೋಗಗಳಲ್ಲಿ ತೀರಾ ಸಾಮಾನ್ಯವಾದದ್ದು ಹತ್ತಿಪ್ಪತ್ತು ರೂಪಾಯಿಯ ಒಂದು ಕೆಪಾಸಿಟರ್. ಯುಸಿ 3842 ಥರದ ಕಂಟ್ರೋಲ್ ಐಸಿ ಇರುವ ಸಪ್ಲೈಯಲ್ಲಿ, ಪವರ್ ಕೊಟ್ಟಾಗ ಹೆಚ್ಚು ಓಮ್‌ನ ರೆಸಿಸ್ಟರ್ ಮೂಲಕ ಹನಿ ಹನಿಯಾಗಿ 22 ಅಥವಾ 47 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ತುಂಬುತ್ತದೆ. ಅದು 16 ವೋಲ್ಟ್ ಮುಟ್ಟಿದಾಗ ಐಸಿ ಏಳುತ್ತದೆ. ಎದ್ದ ಕೂಡಲೇ ಐಸಿಗೆ ಹಸಿವು ಹೆಚ್ಚು. ಟ್ರಾನ್ಸ್‌ಫಾರ್ಮರ್‌ನ ಸಹಾಯಕ ಸುರುಳಿಯಿಂದ ಊಟ ಬರುವವರೆಗೆ ಆ ಕೆಪಾಸಿಟರೇ ಬುತ್ತಿ. ಬುತ್ತಿ ಚಿಕ್ಕದಾಗಿದ್ದರೆ ವೋಲ್ಟೇಜ್ 10ಕ್ಕೆ ಕುಸಿದು ಐಸಿ ಮಲಗುತ್ತದೆ, ಮತ್ತೆ ಹನಿ ತುಂಬುತ್ತದೆ, ಮತ್ತೆ ಏಳುತ್ತದೆ. ಅದೇ ಆ ಟಿಕ್ ಟಿಕ್. ಈ ಕೆಪಾಸಿಟರ್ ಗಾತ್ರದಲ್ಲಿ ಚಿಕ್ಕದು, ಬಿಸಿ ಟ್ರಾನ್ಸ್‌ಫಾರ್ಮರ್‌ನ ಮಗ್ಗುಲಲ್ಲೇ ಕೂತಿರುತ್ತದೆ, ಹಾಗಾಗಿ ಅದರೊಳಗಿನ ದ್ರವ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಮೇಲೆ ಉಬ್ಬಿರುವುದಿಲ್ಲ, ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ.

ಇದರ ಮುಖ್ಯ ಲಕ್ಷಣ: ಓಡುತ್ತಿರುವವರೆಗೆ ಏನೂ ತೊಂದರೆಯಿಲ್ಲ, ಒಮ್ಮೆ ಆಫ್ ಮಾಡಿದರೆ ಮತ್ತೆ ಏಳುವುದಿಲ್ಲ. ಬೆಳಗಾವಿ, ಮಂಡ್ಯದ ಸಕ್ಕರೆ ಕಾರ್ಖಾನೆಗಳಂಥ ಕಡೆ ಇದು ಚೆನ್ನಾಗಿ ಎದ್ದು ಕಾಣುತ್ತದೆ. ಕಬ್ಬು ಅರೆಯುವ ತಿಂಗಳುಗಟ್ಟಲೆ ಕಾಲ ಆಫ್ ಆಗದೆ ಓಡಿದ ಸಪ್ಲೈಗಳು ಸೀಸನ್ ಮುಗಿದು ಆಫ್ ಆಗಿ, ಮುಂದಿನ ಸೀಸನ್‌ಗೆ ಸ್ವಿಚ್ ಹಾಕಿದ ದಿನ ಏಳುವುದೇ ಇಲ್ಲ. ‘ಸುಮ್ಮನೆ ಇಟ್ಟಿದ್ದಕ್ಕೇ ಹೋಯ್ತು’ ಎನ್ನುತ್ತಾರೆ. ಹೋಗಿದ್ದು ಓಡುವಾಗಲೇ, ಗೊತ್ತಾಗಿದ್ದು ಈಗ. ಮೇಜಿನ ಮೇಲೆ ಖಾತ್ರಿ ಮಾಡಿಕೊಳ್ಳಲು ಪವರ್ ಇಲ್ಲದಾಗ ಆ ಕೆಪಾಸಿಟರ್ ಸುತ್ತ ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬಿಸಿಗಾಳಿ ಕೊಟ್ಟು ಸ್ವಿಚ್ ಹಾಕಿ. ಬಿಸಿಗೆ ಎದ್ದು, ತಣ್ಣಗಾದ ಮೇಲೆ ಏಳದಿದ್ದರೆ ಕಳ್ಳ ಸಿಕ್ಕಿಬಿದ್ದಂತೆ. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟ್, 105 ಡಿಗ್ರಿಯ, ಕಡಿಮೆ ಇಎಸ್‌ಆರ್ (ಒಳತಡೆ) ಇರುವುದನ್ನು ಹಾಕಿ. 85 ಡಿಗ್ರಿಯದು ಬೇಡ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ ಎಂಬುದು ಒರಟು ಲೆಕ್ಕವಾದರೂ ಕೆಲಸಕ್ಕೆ ಬರುವ ಲೆಕ್ಕ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ದಾಟುತ್ತದೆ. ಮುಚ್ಚಿದ ಪ್ಯಾನೆಲ್‌ನ ಒಳಗೆ ಇನ್ನೂ 15 ಸೇರಿಸಿಕೊಳ್ಳಿ. ಸಪ್ಲೈನ ಮೇಲೂ ಕೆಳಗೂ ಗಾಳಿಯಾಡಲು ಜಾಗ ಬಿಡದೆ ವೈರಿಂಗ್ ಡಕ್ಟ್ ಒತ್ತಿ ಕೂರಿಸಿದರೆ ಆಯುಸ್ಸು ಇನ್ನೂ ಕಡಿಮೆ. ಹೆಚ್ಚಿನ ಸಪ್ಲೈಗಳು 50 ಅಥವಾ 60 ಡಿಗ್ರಿಯ ಮೇಲೆ ಪೂರ್ತಿ ಆಂಪ್ ಕೊಡುವ ಭರವಸೆಯನ್ನೂ ಹಿಂತೆಗೆದುಕೊಳ್ಳುತ್ತವೆ, ಅದು ಡೇಟಾಶೀಟ್‌ನ ಗ್ರಾಫ್‌ನಲ್ಲಿ ಇರುತ್ತದೆ.

ಡಬ್ಬಿ ತೆರೆಯುವವರಿಗೆ ಎಚ್ಚರಿಕೆ ಒಂದೇ, ಆದರೆ ದೊಡ್ಡದು. 230 ವೋಲ್ಟ್ ಎಸಿ ರೆಕ್ಟಿಫೈ ಆಗಿ ಮುಖ್ಯ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಡಿಸಿ ನಿಂತಿರುತ್ತದೆ. ಮೇಲೆ ಹೇಳಿದ ‘ಏಳದ’ ಸಪ್ಲೈಯಲ್ಲಿ ಆ ಚಾರ್ಜನ್ನು ಬಳಸುವವರು ಯಾರೂ ಇಲ್ಲದ್ದರಿಂದ ಪ್ಲಗ್ ಕಿತ್ತ ಬಹಳ ಹೊತ್ತಿನ ಮೇಲೂ ಅದು ಉಳಿದಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಚಾಳಿ ಬಿಡಿ. 2.2 ಕಿಲೋಓಮ್ 10 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಟೆಡ್ ಪ್ರೋಬ್ ಕಟ್ಟಿ ಕೆಲವು ಸೆಕೆಂಡ್ ಹಿಡಿದು, ಆಮೇಲೆ ಮೀಟರ್‌ನಿಂದ ಸೊನ್ನೆ ಖಚಿತಪಡಿಸಿಕೊಳ್ಳಿ.

ಇನ್‌ಪುಟ್ ಫ್ಯೂಸ್ ಹೋಗಿದ್ದರೆ ಅದರ ಗಾಜು ನೋಡಿ. ಗಾಜು ಕಪ್ಪಾಗಿ ಬೆಳ್ಳಿಯಂತೆ ಮೆತ್ತಿಕೊಂಡಿದ್ದರೆ ಮುಂದೆ ಘೋರ ಶಾರ್ಟ್ ಇದೆ: ಎಸಿಯನ್ನು ಡಿಸಿ ಮಾಡುವ ಬ್ರಿಜ್, ಸ್ವಿಚ್ ಆಗಿ ಕೆಲಸ ಮಾಡುವ ಮಾಸ್‌ಫೆಟ್, ಇಲ್ಲವೇ ಅತಿ ವೋಲ್ಟೇಜ್‌ನಿಂದ ಕಾಯುವ ಎಂಒವಿ. ಮಾಸ್‌ಫೆಟ್ ಒಂದನ್ನೇ ಬದಲಿಸಿ ಪವರ್ ಕೊಟ್ಟರೆ ಎರಡನೆಯದೂ ಸಿಡಿಯುತ್ತದೆ. ಅದರ ಸೋರ್ಸ್‌ನಲ್ಲಿರುವ ಒಂದು ಓಮ್‌ಗಿಂತ ಕಡಿಮೆಯ ಕರೆಂಟ್ ಸೆನ್ಸ್ ರೆಸಿಸ್ಟರ್, ಗೇಟ್ ರೆಸಿಸ್ಟರ್, ಕಂಟ್ರೋಲ್ ಐಸಿ, ಎಲ್ಲವನ್ನೂ ನೋಡಬೇಕು. ರಿಪೇರಿ ಆದ ಮೇಲೆ ಮೊದಲ ಪವರ್ 60 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬಿನ ಸೀರೀಸ್ ಲ್ಯಾಂಪ್ ಮೂಲಕ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಪೂರ್ತಿ ಉರಿದುಕೊಂಡೇ ಇದ್ದರೆ ಶಾರ್ಟ್ ಇನ್ನೂ ಇದೆ.

ಒಂದೇ ಕ್ಷಣದಲ್ಲಿ ಎರಡು ಮೂರು ಸಪ್ಲೈಗಳು, ಜೊತೆಗೆ ಆಫೀಸಿನ ಟ್ಯೂಬ್‌ಲೈಟ್, ಯಾರದೋ ಮೊಬೈಲ್ ಚಾರ್ಜರ್ ಹೋಗಿದ್ದರೆ ಹೊಸ ಸಪ್ಲೈ ಹಾಕುವ ಮೊದಲು ನ್ಯೂಟ್ರಲ್ ನೋಡಿ. ಮೂರು ಫೇಸ್ ಲೈನ್‌ನಲ್ಲಿ ನ್ಯೂಟ್ರಲ್ ಕಡಿದರೆ ಬೇರೆ ಬೇರೆ ಫೇಸ್‌ನ ಲೋಡ್‌ಗಳು 415 ವೋಲ್ಟ್‌ಗೆ ಸರಣಿಯಲ್ಲಿ ನಿಲ್ಲುತ್ತವೆ, ಹಗುರ ಲೋಡ್ ಇರುವ ಫೇಸ್‌ಗೆ 300ಕ್ಕೂ ಹೆಚ್ಚು ಬರುತ್ತದೆ. 264 ವೋಲ್ಟ್‌ವರೆಗೆ ಎಂದು ಬರೆದಿರುವ ಎಸ್‌ಎಂಪಿಎಸ್‌ನ ಎಂಒವಿ ಸಿಡಿದು ಫ್ಯೂಸ್ ಹಾರುವುದು ಆಗಲೇ. ಕಾರಣ ತಿಳಿಯದೆ ಹೊಸದು ಹಾಕಿದರೆ ಅದರ ಗತಿಯೂ ಅಷ್ಟೆ.

ವೋಲ್ಟೇಜ್ ಸರಿ, ಆದರೂ ಸೆನ್ಸರ್ ಮಿಟುಕುತ್ತದೆ

ಇಲ್ಲಿ ಎರಡು ಸಂಗತಿ ಮಾತ್ರ. ಮೊದಲನೆಯದು ರಿಪ್ಪಲ್, ಅಂದರೆ ಡಿಸಿಯ ಮೇಲೆ ಕೂತಿರುವ ಏರಿಳಿತ. ಮೀಟರನ್ನು ಎಸಿ ಮಿಲಿವೋಲ್ಟ್‌ಗೆ ಹಾಕಿ 24ರ ಮೇಲೆ ಹಿಡಿದರೆ 100 ಹರ್ಟ್ಸ್‌ನ ರಿಪ್ಪಲ್ ಸಿಗುತ್ತದೆ, ಅದು ಮುಖ್ಯ ಕೆಪಾಸಿಟರ್ ಸೋತ ಗುರುತು. ಔಟ್‌ಪುಟ್ ಕೆಪಾಸಿಟರ್ ಒಣಗಿ ಹುಟ್ಟುವ ಹತ್ತಾರು ಕಿಲೋಹರ್ಟ್ಸ್‌ನ ರಿಪ್ಪಲ್ ಸಾಮಾನ್ಯ ಮೀಟರ್‌ಗೆ ಕಾಣುವುದಿಲ್ಲ, ಆಸಿಲೋಸ್ಕೋಪ್ ಬೇಕು. 20 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಮಿತಿ ಹಾಕಿ, ಪ್ರೋಬ್‌ನ ಉದ್ದ ಗ್ರೌಂಡ್ ತಂತಿ ಬಿಟ್ಟು ಮೊಟಕು ಸ್ಪ್ರಿಂಗ್ ಬಳಸಿ. ತುದಿಯಿಂದ ತುದಿಗೆ 100–150 ಮಿಲಿವೋಲ್ಟ್ ಒಳಗಿದ್ದರೆ ಸಹಜ, ಅರ್ಧ ವೋಲ್ಟ್ ದಾಟಿದರೆ ಸಪ್ಲೈ ಬದಲಿಸಿ.

ಎರಡನೆಯದು ಕಾಯಿಲ್. ರಿಲೇ, ಸೋಲೆನಾಯ್ಡ್ ಆಫ್ ಆಗುವ ಕ್ಷಣ ಕಾಯಿಲ್ ನೂರಾರು ವೋಲ್ಟ್‌ನ ಉಲ್ಟಾ ಮಿಡಿತ ಎಸೆಯುತ್ತದೆ. ಪ್ರತಿ ಡಿಸಿ ಕಾಯಿಲ್‌ಗೂ ಅಡ್ಡಲಾಗಿ 1ಎನ್4007 ಡಯೋಡ್, ಬಿಳಿ ಪಟ್ಟೆಯ ತುದಿ ಪ್ಲಸ್ ಕಡೆಗೆ. ತಿರುಗಿಸಿ ಹಾಕಿದರೆ ನೇರ ಶಾರ್ಟ್. ಮತ್ತು ವಾಲ್ವ್‌ಗಳ ದಪ್ಪ ಕರೆಂಟು ಅನಲಾಗ್ ಸೆನ್ಸರ್‌ನ 0 ವೋಲ್ಟ್ ತಂತಿಯಲ್ಲಿ ವಾಪಸ್ ಬರದಂತೆ ನೋಡಿಕೊಳ್ಳಿ. ಹಂಚಿಕೊಂಡ 0 ವೋಲ್ಟ್ ತಂತಿಯಲ್ಲಿ ಅರ್ಧ ವೋಲ್ಟ್ ಡ್ರಾಪ್ ಆದರೆ 0–10 ವೋಲ್ಟ್ ಸಂಕೇತದಲ್ಲಿ ಶೇ. 5ರ ತಪ್ಪು ನೇರವಾಗಿ ಸೇರುತ್ತದೆ. ಸೆನ್ಸರ್‌ಗೊಂದು, ವಾಲ್ವ್‌ಗೊಂದು ಎಂದು ಎರಡು ಸಪ್ಲೈ ಇಡುವುದು ಆಡಂಬರವೇನಲ್ಲ.

ರಿಪೇರಿಯಾದ ಅಥವಾ ಹಳೆಯ ಸಪ್ಲೈಯನ್ನು ಮತ್ತೆ ರೇಲ್‌ಗೆ ಹಾಕುವ ಮೊದಲು ಮೇಜಿನ ಮೇಲೆ ಲೋಡ್ ಕೊಟ್ಟು ಓಡಿಸಿ. ಲಾರಿಯ 24 ವೋಲ್ಟ್ 70 ವ್ಯಾಟ್ ಹೆಡ್‌ಲೈಟ್ ಬಲ್ಬ್ ಸುಮಾರು 3 ಆಂಪ್ ಎಳೆಯುತ್ತದೆ. 5 ಆಂಪ್ ಸಪ್ಲೈಗೆ ಅದೊಂದು, ಜೊತೆಗೆ 21 ವ್ಯಾಟ್‌ನ ಎರಡು ಸೇರಿದರೆ ಹೆಚ್ಚುಕಡಿಮೆ ಪೂರ್ತಿ ಲೋಡ್. ಮೂರನ್ನೂ ಒಟ್ಟಿಗೆ ಹಚ್ಚಬೇಡಿ, ಒಂದಾದ ಮೇಲೊಂದು ಹಚ್ಚಿ. ನಾಲ್ಕು ಗಂಟೆ ಬಿಟ್ಟು ವೋಲ್ಟ್ ಮತ್ತು ರಿಪ್ಪಲ್ ಓದಿ. ನಂತರ ಆಫ್ ಮಾಡಿ, ಪೂರ್ತಿ ತಣ್ಣಗಾಗಲು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸ್ವಿಚ್ ಹಾಕಿ ನೋಡಿ. ಆಗ ಎದ್ದರೆ ಮಾತ್ರ ಅದರ ಮೇಲೆ ದಿನಾಂಕ ಬರೆದ ಟೇಪ್ ಅಂಟಿಸಿ ಕಪಾಟಿಗೆ ಸೇರಿಸಿ.